ನಿತ್ಯದ ಕುಟುಂಬ ಸಂಚಾರಕ್ಕೆ ಆರಂಭಿಕ ದರ್ಜೆಯ ಸೆಡಾನ್ ಕಾರು: ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿ ಹಾಗೂ ಸುತ್ತಮುತ್ತಲಿನ ಕಾಫಿ ಬೆಳೆಯುವ ಗ್ರಾಮಗಳಲ್ಲಿ ಮೊದಲ ಬಾರಿಗೆ ಕಾರು ಕೊಳ್ಳುವ ಕುಟುಂಬಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೊಸ ವಾಹನದ ನೋಂದಣಿಗೆ ಅಥವಾ ಹಳೆಯ ವಾಹನದ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವುದು ಖರೀದಿಯ ಕೊನೆಯ ಹಂತ. ಆ ಹಂತಕ್ಕೆ ಬಂದ ಮೇಲೆ ಕಾರು ಮನೆಯ ದಾರಿಗೆ ಹೊಂದುವುದಿಲ್ಲವೆಂದು ತಿಳಿದರೆ ನಷ್ಟವನ್ನು ತುಂಬಿಕೊಳ್ಳುವ ಮಾರ್ಗವಿಲ್ಲ. ಜೀವಾವಧಿ ತೆರಿಗೆಯು ವಾಹನದೊಂದಿಗೆ ಸಾಗುತ್ತದೆ. ರಾಜ್ಯದೊಳಗೆ ಕಾರನ್ನು ಮಾರಿದರೆ ಅದು ಮೊದಲ ಮಾಲೀಕರಿಗೆ ಮರಳುವುದಿಲ್ಲ. ಆದುದರಿಂದ ಪರಿಶೀಲನೆಯು ಖರೀದಿಗೆ ಮೊದಲೇ, ಅದೂ ಮಾರಾಟ ಮಳಿಗೆಯ ಮುಂದಿನ ಸಮತಟ್ಟಾದ ರಸ್ತೆಯಲ್ಲಲ್ಲದೆ ಕುಟುಂಬವು ನಿತ್ಯ ಬಳಸುವ ರಸ್ತೆಯಲ್ಲಿ ನಡೆಯಬೇಕು.

ಈ ವರ್ಗದ ಕಾರುಗಳ ಹಿನ್ನೆಲೆ

ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿಯನ್ನು ಹೊಂದಿದ್ದು, ಒಟ್ಟು ಉದ್ದವು 4 ಮೀಟರ್ ಮೀರದ ಕಾರುಗಳನ್ನು ಸಾಮಾನ್ಯವಾಗಿ ಕಾಂಪ್ಯಾಕ್ಟ್ ಸೆಡಾನ್ ಎಂದು ಕರೆಯಲಾಗುತ್ತದೆ. ಈ 4 ಮೀಟರ್ ಮಿತಿಯು ತಾಂತ್ರಿಕ ಕಾರಣದಿಂದ ಬಂದುದಲ್ಲ, ತೆರಿಗೆಯಿಂದ ಬಂದುದು. 2006ರ ಕೇಂದ್ರ ಆಯವ್ಯಯದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಈ ಸೌಲಭ್ಯವನ್ನು ಪಡೆಯಲು ಕಂಪನಿಗಳು ಸೆಡಾನ್‌ನ ಬಾಲವನ್ನು ಮೊಟಕುಗೊಳಿಸಿದವು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಹೀಗೆ ಬಂದಿತು. ಮಾರುತಿ ಸುಜುಕಿ ಡಿಜೈರ್ 2012ರಲ್ಲಿ ಇದೇ ಅಳತೆಗೆ ಇಳಿಯಿತು. ಹೋಂಡಾ ಅಮೇಜ್ 2013ರಲ್ಲಿಯೂ ಟಾಟಾ ಟಿಗೋರ್ 2017ರಲ್ಲಿಯೂ ಹ್ಯುಂಡೈ ಔರಾ 2020ರಲ್ಲಿಯೂ ಮಾರುಕಟ್ಟೆಗೆ ಬಂದವು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ದರಗಳಲ್ಲಿಯೂ 4 ಮೀಟರ್ ಮೀರದ, 1,200 ಸಿಸಿವರೆಗಿನ ಪೆಟ್ರೋಲ್ ಕಾರುಗಳಿಗೆ ಶೇ. 18ರ ದರವಿದ್ದು, ದೊಡ್ಡ ಕಾರುಗಳಿಗೆ ಶೇ. 40 ಇರುತ್ತದೆ. ಕಡಿಮೆ ಬೆಲೆಗೆ ಮುಚ್ಚಿದ ಡಿಕ್ಕಿ ಹಾಗೂ ಹಿಂದಿನ ಆಸನದಲ್ಲಿ ಸಾಕಷ್ಟು ಜಾಗ ದೊರೆಯುವುದು ಈ ವರ್ಗದ ಮುಖ್ಯ ಆಕರ್ಷಣೆಯಾಗಿದೆ.

ಮನೆಯಿಂದ ಡಾಂಬರು ರಸ್ತೆಯವರೆಗೆ

ಮೂಡಿಗೆರೆಯ ಶಾಲೆಗೆ ಮಕ್ಕಳನ್ನು ಬಿಡುವುದು, ಚಿಕ್ಕಮಗಳೂರಿನ ಕಚೇರಿಗಳಿಗೆ ಹೋಗಿಬರುವುದು, ಹಿರಿಯರನ್ನು ಹಾಸನ ಅಥವಾ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಇವು ಈ ಭಾಗದ ಕುಟುಂಬವೊಂದರ ಸಾಮಾನ್ಯ ಸಂಚಾರ. ಈ ಮುಖ್ಯ ರಸ್ತೆಗಳಲ್ಲಿ ಯಾವ ಸೆಡಾನ್ ಆದರೂ ನಡೆದೀತು. ಕಾರಿನ ಯೋಗ್ಯತೆ ನಿರ್ಧಾರವಾಗುವುದು ಮುಖ್ಯ ರಸ್ತೆಯಿಂದ ಮನೆಯ ಅಂಗಳದವರೆಗಿನ ತೋಟದ ದಾರಿಯಲ್ಲಿ.

ಈಗಿನ ಕಾಂಪ್ಯಾಕ್ಟ್ ಸೆಡಾನ್‌ಗಳಲ್ಲಿ ನೆಲದಿಂದ ಕಾರಿನ ತಳಕ್ಕಿರುವ ಅಂತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್, 165 ಮಿ.ಮೀ. ಆಸುಪಾಸಿನಲ್ಲಿರುತ್ತದೆ. 2024ರ ಡಿಜೈರ್‌ನಲ್ಲಿ ಇದು 163 ಮಿ.ಮೀ., ಅದೇ ವರ್ಷದ ಅಮೇಜ್‌ನಲ್ಲಿ 172 ಮಿ.ಮೀ. ಆದರೆ ಪ್ರಕಟಿತ ಅಂತರವು ಸಾಮಾನ್ಯವಾಗಿ ಖಾಲಿ ಕಾರಿನದು ಎಂಬುದನ್ನು ಗಮನಿಸಬೇಕು. ಐದು ಜನ ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಹಿಂಭಾಗವು ಕುಸಿಯುತ್ತದೆ. ಅಂತರ ಎಷ್ಟು ಉಳಿಯುವುದೆಂಬುದನ್ನು ಯಾವ ಕರಪತ್ರವೂ ತಿಳಿಸುವುದಿಲ್ಲ. ಮಳೆಗಾಲದಲ್ಲಿ ತೋಟದ ದಾರಿಯ ಎರಡು ಚಕ್ರದ ಗುರುತುಗಳು ಕೊರೆದು ಆಳವಾಗಿ, ನಡುವಿನ ಮಣ್ಣು ಹಾಗೂ ಕಲ್ಲು ಎತ್ತರವಾಗಿ ಉಳಿಯುತ್ತವೆ. ಜೀಪು ಅಥವಾ ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಇದು ಇನ್ನೂ ಹೆಚ್ಚು. ಸೆಡಾನ್‌ನ ತಳ ತಾಗುವುದು ಇಲ್ಲಿಯೇ.

ತಳ ತಾಗಿದಾಗ ಅಪಾಯಕ್ಕೆ ಒಳಗಾಗುವ ಮುಖ್ಯ ಭಾಗ ಎಂಜಿನ್ ಆಯಿಲ್ ಸಂಪ್. ಕಲ್ಲು ತಗುಲಿ ಸಂಪ್ ಒಡೆದು, ಆಯಿಲ್ ಸೋರುತ್ತಿರುವುದನ್ನು ಗಮನಿಸದೆ ಕಾರನ್ನು ಮುಂದಕ್ಕೆ ಓಡಿಸಿ ಎಂಜಿನ್ ಕಚ್ಚಿಕೊಂಡರೆ, ಆ ಎಂಜಿನ್ ವೆಚ್ಚವನ್ನು ಸಾಮಾನ್ಯ ವಿಮಾ ಪಾಲಿಸಿಯು ಪರಿಣಾಮಜನ್ಯ ಹಾನಿಯೆಂದು ಪರಿಗಣಿಸಿ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪ್ರತ್ಯೇಕವಾಗಿ ದೊರೆಯುತ್ತದೆ. ಪಟ್ಟಣದ ಮಾಲೀಕರಿಗೆ ಇದು ಐಚ್ಛಿಕವೆನಿಸಬಹುದು. ತೋಟದ ದಾರಿಯುಳ್ಳವರು ಇದನ್ನು ಬಿಡದಿರುವುದು ಲೇಸು. ಆಯಿಲ್ ದೀಪ ಹೊತ್ತಿದ ಕೂಡಲೇ ಎಂಜಿನ್ ನಿಲ್ಲಿಸಬೇಕೆಂಬುದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತಿಳಿಸಿರಬೇಕು.

ಪರೀಕ್ಷಾ ಚಾಲನೆಗೆ ಕಾರನ್ನು ಮನೆಯವರೆಗೆ ತರುವಂತೆ ಮಾರಾಟಗಾರರನ್ನು ಕೇಳಬಹುದು. ಮನೆಯವರೆಲ್ಲರೂ ಕುಳಿತು ತೋಟದ ಗೇಟು, ಮೋರಿಯ ದಿಬ್ಬ, ಅಂಗಳದ ಏರು ಇವುಗಳ ಮೇಲೆ ನಿಧಾನವಾಗಿ ಓಡಿಸಿ ನೋಡಬೇಕು. ಬೇಸಿಗೆಯಲ್ಲಿ ಕೊಳ್ಳುವವರು ಅದೇ ದಾರಿಯು ಜುಲೈ ತಿಂಗಳಲ್ಲಿ ಹೇಗಿರುವುದೆಂಬುದನ್ನು ನೆನಪಿನಲ್ಲಿಟ್ಟು ತೀರ್ಮಾನಿಸಬೇಕು. ತಳ ಎರಡು ಕಡೆ ತಾಗಿತೆಂದರೆ ಆ ಕಾರು ಆ ಮನೆಗೆ ಅಲ್ಲ, ಅಥವಾ ದಾರಿಗೆ ಮೊದಲು ಜಲ್ಲಿ ಹಾಕಿಸಬೇಕು. ಕೆಲವು ಲೋಡು ಜಲ್ಲಿಯ ವೆಚ್ಚವು ದೊಡ್ಡ ಕಾರಿಗೆ ತೆರಬೇಕಾದ ಹೆಚ್ಚುವರಿ ಹಣಕ್ಕಿಂತ ಬಹಳ ಕಡಿಮೆ ಎಂಬುದನ್ನು ಅನೇಕರು ಲೆಕ್ಕ ಹಾಕುವುದಿಲ್ಲ.

ಟೈರಿನ ಆಯ್ಕೆಯಲ್ಲಿ ಒಂದು ವಿಶೇಷವಿದೆ. ಈ ವರ್ಗದಲ್ಲಿ ಕಡಿಮೆ ಬೆಲೆಯ ಮಾದರಿಗಳಿಗೆ 165/80 ಆರ್14, ಹೆಚ್ಚು ಬೆಲೆಯವುಗಳಿಗೆ 185/65 ಆರ್15 ಅಳತೆಯ ಟೈರುಗಳು ಬರುವುದುಂಟು. ಮೊದಲನೆಯದರ ಪಕ್ಕದ ಗೋಡೆಯ ಎತ್ತರ 132 ಮಿ.ಮೀ., ಎರಡನೆಯದರದು ಸುಮಾರು 120 ಮಿ.ಮೀ. ಎತ್ತರದ ಗೋಡೆಯುಳ್ಳ ಟೈರು ಕಲ್ಲು ಹಾಗೂ ಗುಂಡಿಯ ಹೊಡೆತವನ್ನು ಹೆಚ್ಚು ತಾಳುತ್ತದೆ. ಹೊಳೆಯುವ ಅಲಾಯ್ ಚಕ್ರಕ್ಕೆ ಹೆಚ್ಚು ಹಣ ಕೊಟ್ಟು ತೋಟದ ದಾರಿಗೆ ಕಡಿಮೆ ಯೋಗ್ಯವಾದುದನ್ನು ಕೊಂಡಂತಾಗುವ ಸಂಭವವಿದೆ. ಕಾರಿನಲ್ಲಿ ಪೂರ್ಣ ಅಳತೆಯ ಸ್ಟೆಪ್ನಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಏರು ಮತ್ತು ಘಾಟಿ

ಈ ವರ್ಗದ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗಳು 82ರಿಂದ 90 ಅಶ್ವಶಕ್ತಿಯನ್ನು ನೀಡುತ್ತವೆ. ಒಬ್ಬರೇ ಓಡಿಸುವಾಗ ಇದು ಸಾಕೆನಿಸುತ್ತದೆ. ಐವರು ಕುಳಿತು ಎಸಿ ಹಾಕಿ ಕಡಿದಾದ ಏರನ್ನು ಏರುವಾಗ ಎರಡನೆಯ, ಕೆಲವೊಮ್ಮೆ ಮೊದಲನೆಯ ಗೇರಿಗೆ ಇಳಿಯಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ಏರಿನ ಮಧ್ಯೆ ಕಾರನ್ನು ನಿಲ್ಲಿಸಿ, ಮತ್ತೆ ಹೊರಡಿಸಿ ನಡೆಸಬೇಕು. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಗೇರಿನ ಕಾರುಗಳಲ್ಲಿ ಗೇರು ಬದಲಾಗುವಾಗ ತುಸು ತಡವಾಗುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಸೌಲಭ್ಯವಿಲ್ಲದಿದ್ದರೆ ಅಂತಹ ಕಾರನ್ನು ಮಲೆನಾಡಿಗೆ ಶಿಫಾರಸು ಮಾಡುವುದು ಕಷ್ಟ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯ ಮೂಲಕ ಮಂಗಳೂರಿನ ಕಡೆಗೆ ಇಳಿಯುವಾಗ ಇಂಧನ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನು ಬಿಡಬೇಕು. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಇಳಿಯುವಾಗ ಇಂಧನ ಪೂರೈಕೆಯನ್ನು ತಾವಾಗಿಯೇ ಕಡಿತಗೊಳಿಸುತ್ತವೆ. ನ್ಯೂಟ್ರಲ್‌ನಿಂದ ಉಳಿತಾಯವಿಲ್ಲ, ಬ್ರೇಕ್ ಕಾದು ಹಿಡಿತ ತಪ್ಪುವ ಅಪಾಯ ಮಾತ್ರ ಇದೆ. ಕಿರಿದಾದ ದಾರಿಯಲ್ಲಿ ಏರುತ್ತಿರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು 2017ರ ಚಾಲನಾ ವಿನಿಯಮಗಳ ನಿಯಮ.

ಸೆಡಾನ್‌ಗಳಿಗೆ ಸಾಮಾನ್ಯವಾಗಿ ಹಿಂಬದಿ ವೈಪರ್ ಇರುವುದಿಲ್ಲ. ಮಂಜು ಹಾಗೂ ಜಡಿಮಳೆಯ ಊರಿನಲ್ಲಿ ಹಿಂದಿನ ಗಾಜಿನ ಮಸುಕನ್ನು ಬಿಸಿಮಾಡಿ ತೆಗೆಯುವ ಡಿಫಾಗರ್ ಇರುವ ಮಾದರಿಯನ್ನು ಆರಿಸುವುದು ದೊಡ್ಡ ಪರದೆಯ ಸಂಗೀತ ಸಾಧನಕ್ಕಿಂತ ಉಪಯುಕ್ತ.

ಸುರಕ್ಷತೆ

2019ರ ಜುಲೈ 1ರಿಂದ ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ ಹಾಗೂ ಹಿಂಬದಿ ಪಾರ್ಕಿಂಗ್ ಸೆನ್ಸರ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದವು. ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ ಅದರ ನಂತರ ಕಡ್ಡಾಯವಾಯಿತು. 2019ಕ್ಕೆ ಹಿಂದಿನ ಹಳೆಯ ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಒಂದೂ ಏರ್‌ಬ್ಯಾಗ್ ಇಲ್ಲದಿರಬಹುದು.

ಅಪಘಾತ ಪರೀಕ್ಷೆಯ ತಾರೆಗಳನ್ನು ಓದುವಾಗ ಹೆಸರನ್ನು ಮಾತ್ರ ನೋಡಬಾರದು. ಡಿಜೈರ್ 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ 5 ತಾರೆಗಳನ್ನು ಪಡೆಯಿತು. ಇದು ನಾಲ್ಕನೆಯ ಪೀಳಿಗೆಯ ಕಾರಿಗೆ ಸಂದದ್ದು, ಅದೇ ಹೆಸರಿನ ಹಳೆಯ ಕಾರಿಗಲ್ಲ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ದೇಶೀಯ ಪರೀಕ್ಷೆಯೂ ಜಾರಿಯಲ್ಲಿದೆ. ಇದು ಕಂಪನಿಗಳಿಗೆ ಐಚ್ಛಿಕ.

14 ವರ್ಷದೊಳಗಿನ ಮಕ್ಕಳನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನದಿಂದ ಭದ್ರಪಡಿಸದಿದ್ದರೆ ಮೋಟಾರು ವಾಹನಗಳ ಕಾಯಿದೆಯ 194ಬಿ ಪ್ರಕರಣದಂತೆ 1,000 ರೂ. ದಂಡವಿದೆ. ತೋಟದೊಳಗೆ ಕಾರು ಕಲಿತ ಹುಡುಗರು ಸಾರ್ವಜನಿಕ ರಸ್ತೆಗೆ ಬರುವುದು ಈ ಭಾಗದಲ್ಲಿ ಅಪರೂಪವಲ್ಲ. ಅಪ್ರಾಪ್ತ ವಯಸ್ಕರು ಓಡಿಸಿ ಅಪರಾಧವೆಸಗಿದಲ್ಲಿ 199ಎ ಪ್ರಕರಣದಂತೆ ಪೋಷಕರು ಅಥವಾ ಮಾಲೀಕರು 3 ವರ್ಷಗಳವರೆಗಿನ ಕಾರಾವಾಸ ಹಾಗೂ 25,000 ರೂ. ದಂಡಕ್ಕೆ ಗುರಿಯಾಗುತ್ತಾರೆ, ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ವೆಚ್ಚದ ಲೆಕ್ಕ

ಕರ್ನಾಟಕದಲ್ಲಿ ಖಾಸಗಿ ಕಾರುಗಳ ಜೀವಾವಧಿ ತೆರಿಗೆಯು ವಾಹನದ ಮೌಲ್ಯವನ್ನು ಅವಲಂಬಿಸಿದೆ. 5 ಲಕ್ಷ ರೂ.ವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಇದರ ಮೇಲೆ ಸೆಸ್ ಪ್ರತ್ಯೇಕ. 8 ಲಕ್ಷದ ಕಾರಿಗೆ ತೆರಿಗೆ 1,12,000 ರೂ. ಆಗುತ್ತದೆ. ಸೆಡಾನ್ ಕೊಳ್ಳುವವರು ವಿಶೇಷವಾಗಿ ಗಮನಿಸಬೇಕಾದುದು 10 ಲಕ್ಷದ ಗಡಿಯನ್ನು. 9,90,000 ರೂ. ಮೌಲ್ಯದ ಕಾರಿಗೆ 1,38,600 ರೂ. ತೆರಿಗೆಯಾದರೆ, 10,50,000 ರೂ. ಮೌಲ್ಯದ ಮೇಲ್ದರ್ಜೆಯ ಮಾದರಿಗೆ 1,78,500 ರೂ. ಆಗುತ್ತದೆ. ಬೆಲೆಯಲ್ಲಿ 60,000 ರೂ. ಏರಿದರೆ ತೆರಿಗೆಯೂ ಸುಮಾರು 40,000 ರೂ. ಏರಿತೆಂದು ತಿಳಿಯತಕ್ಕದ್ದು.

ಇಂಧನದ ಬಗ್ಗೆ ಪ್ರಕಟವಾಗುವ ಲೀಟರಿಗೆ 24-25 ಕಿ.ಮೀ. ಎಂಬ ಅಂಕಿಗಳು ಪ್ರಯೋಗಾಲಯದವು. ವರ್ಷಕ್ಕೆ 12,000 ಕಿ.ಮೀ. ಓಡಿಸುವ ಕುಟುಂಬವು 25 ಕಿ.ಮೀ. ನಂಬಿದರೆ 480 ಲೀಟರ್ ಸಾಕೆಂದು ಭಾವಿಸುತ್ತದೆ. ಏರುತಿರುವುಗಳ ರಸ್ತೆಯಲ್ಲಿ 15 ಕಿ.ಮೀ. ಮಾತ್ರ ಸಿಕ್ಕರೆ 800 ಲೀಟರ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ ವರ್ಷಕ್ಕೆ 32,000 ರೂ. ವ್ಯತ್ಯಾಸ. ಸಾಲದ ಕಂತನ್ನು ನಿಗದಿಪಡಿಸುವಾಗ ಎರಡನೆಯ ಅಂಕಿಯನ್ನೇ ಬಳಸುವುದು ಸೂಕ್ತ. ಸಿಎನ್‌ಜಿ ಮಾದರಿಗಳು ಅಗ್ಗವಾಗಿ ಓಡಿದರೂ ಸಿಲಿಂಡರು ಡಿಕ್ಕಿಯ ಜಾಗವನ್ನು ನುಂಗುತ್ತದೆ. ಹತ್ತಿರದ ಅನಿಲ ಕೇಂದ್ರ ಎಷ್ಟು ದೂರವೆಂಬುದನ್ನೂ ನೋಡಬೇಕು.

50 ಕೆ.ಜಿ. ತೂಕದ ಕಾಫಿ ಚೀಲಗಳನ್ನು ಆಗಾಗ ಸಾಗಿಸುವ ಉದ್ದೇಶವಿದ್ದಲ್ಲಿ ಸೆಡಾನ್ ಯೋಗ್ಯ ವಾಹನವಲ್ಲ. ಬಾಡಿಗೆಗೆ ಜನರನ್ನು ಕರೆದೊಯ್ಯಲು ಬಿಳಿ ಫಲಕದ ಕಾರನ್ನು ಬಳಸುವಂತಿಲ್ಲ; ಅಂತಹ ಸಂಚಾರದಲ್ಲಿ ಅಪಘಾತವಾದರೆ ವಿಮಾ ಪರಿಹಾರಕ್ಕೆ ತೊಡಕಾಗುತ್ತದೆ.

ಹಳೆಯ ಕಾರು ಕೊಳ್ಳುವವರಿಗೆ

ಡೀಸೆಲ್ ಎಂಜಿನ್‌ನ ಕಾಂಪ್ಯಾಕ್ಟ್ ಸೆಡಾನ್ ಬೇಕೆನ್ನುವವರಿಗೆ ಹಳೆಯ ಕಾರೇ ಗತಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದಾಗ ಡಿಜೈರ್ ಹಾಗೂ ಟಿಗೋರ್ ಡೀಸೆಲ್ ಮಾದರಿಗಳು ನಿಂತವು. ಅಮೇಜ್ ಡೀಸೆಲ್ 2023ರಲ್ಲಿ ನಿಂತಿತು. ಕರಾವಳಿಯಿಂದ ಬಂದ ಕಾರಾದರೆ ತಳದ ತುಕ್ಕನ್ನು, ಬಹುಕಾಲ ನಿಂತಿದ್ದ ಕಾರಾದರೆ ಇಲಿ ಕಡಿದ ವೈರುಗಳನ್ನು ಎತ್ತಿ ನೋಡಿಸಬೇಕು. ನೋಂದಣಿಯ ಅವಧಿ 15 ವರ್ಷ. 13 ಅಥವಾ 14 ವರ್ಷದ ಕಾರು ಕೊಂಡವರು ಬೇಗನೆ ತಪಾಸಣೆ, ನವೀಕರಣ ಶುಲ್ಕ ಹಾಗೂ ಹಸಿರು ತೆರಿಗೆಗೆ ಸಿದ್ಧರಿರಬೇಕು.

ಹಣ ಕೊಟ್ಟು ಕಾರು ತಂದು, ವರ್ಗಾವಣೆಯನ್ನು ಮುಂದೂಡುವುದು ಅತ್ಯಂತ ಅಪಾಯಕಾರಿ ಪದ್ಧತಿ. ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಂತೆ, ಕಾರು ಎಷ್ಟು ಕೈ ಬದಲಾಗಿದ್ದರೂ ನೋಂದಣಿ ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರದ ಹೊಣೆಗಾರರು. ಮಾರಿದವರಿಗೆ ಇದು ತಲೆಯ ಮೇಲಿನ ಕತ್ತಿ. ಕೊಂಡವರಿಗೆ ವಿಮೆ ತಮ್ಮ ಹೆಸರಿನಲ್ಲಿಲ್ಲದ ಸಂಕಟ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸತಕ್ಕದ್ದು. ನಮೂನೆ 29 ಹಾಗೂ 30ಕ್ಕೆ ಕಾರಿನ ಕೀಲಿ ಪಡೆಯುವ ದಿನವೇ ಸಹಿ ಆಗಬೇಕು. ಕಾರಿನ ಮೇಲೆ ಸಾಲವಿದ್ದಲ್ಲಿ ಬ್ಯಾಂಕಿನಿಂದ ನಮೂನೆ 35, ಹೊರರಾಜ್ಯದ ಕಾರಾದಲ್ಲಿ ನಮೂನೆ 28ರ ನಿರಾಕ್ಷೇಪಣಾ ಪತ್ರ ಅವಶ್ಯಕ.

ಹೊಸ ಕಾರಿನ ಅರ್ಜಿ

ಹೊಸ ಕಾರಿನ ನಮೂನೆ 20ನ್ನು ಮಾರಾಟ ಪತ್ರ, ರಸ್ತೆ ಯೋಗ್ಯತಾ ಪತ್ರ, ವಿಮೆ ಹಾಗೂ ವಿಳಾಸದ ದಾಖಲೆಗಳೊಂದಿಗೆ ಸಾಮಾನ್ಯವಾಗಿ ಮಾರಾಟಗಾರರೇ ವಾಹನ್ ತಂತ್ರಾಂಶದಲ್ಲಿ ಸಲ್ಲಿಸುತ್ತಾರೆ. ಗೋಣಿಬೀಡಿನ ವಿಳಾಸಕ್ಕೆ ಸಂಬಂಧಿಸಿದ ಕಚೇರಿ ಚಿಕ್ಕಮಗಳೂರು ಪ್ರಾದೇಶಿಕ ಸಾರಿಗೆ ಕಚೇರಿ, ಸಂಕೇತ ಕೆಎ-18. ಅರ್ಜಿದಾರರು ಸಹಿ ಹಾಕುವ ಮುನ್ನ ಹೆಸರಿನ ಅಕ್ಷರಗಳು, ಗ್ರಾಮ ಹಾಗೂ ಅಂಚೆಯ ಹೆಸರು, ನಾಮನಿರ್ದೇಶಿತರ ಹೆಸರು, ಚಾಸಿ ಸಂಖ್ಯೆ ಇವುಗಳನ್ನು ಸ್ವತಃ ತಾಳೆ ನೋಡಬೇಕು. ಎಸ್ಟೇಟ್ ಹೆಸರಿನ ವಿಳಾಸ ಒಂದು ದಾಖಲೆಯಲ್ಲಿ, ಗ್ರಾಮದ ವಿಳಾಸ ಇನ್ನೊಂದರಲ್ಲಿ ಇರುವುದು ಇಲ್ಲಿ ಸಾಮಾನ್ಯವಾದ್ದರಿಂದ ಎರಡನ್ನೂ ಮೊದಲೇ ಒಂದಾಗಿಸಿಕೊಳ್ಳುವುದು ಒಳಿತು. ನಾಮನಿರ್ದೇಶನದ ಅಂಕಣವನ್ನು ಖಾಲಿ ಬಿಟ್ಟರೆ ಮಾಲೀಕರ ಮರಣಾನಂತರ ಕುಟುಂಬಕ್ಕೆ ಅಲೆದಾಟವಾಗುತ್ತದೆ.

ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸದೆ ಕಾರನ್ನು ಮಾರಾಟ ಮಳಿಗೆಯಿಂದ ಪಡೆಯಬಾರದು. ಹೊಸ ಕಾರಿಗೆ ಮೂರನೆಯ ವ್ಯಕ್ತಿಯ ವಿಮೆ 3 ವರ್ಷಗಳಿಗೆ ಇದ್ದರೂ ಸ್ವಂತ ಹಾನಿಯ ವಿಮೆ ಒಂದೇ ವರ್ಷದ್ದಾಗಿರಬಹುದು. ಪಾಲಿಸಿಯಲ್ಲಿ ಎರಡೂ ದಿನಾಂಕಗಳನ್ನು ನೋಡಿಟ್ಟುಕೊಳ್ಳಬೇಕು. ಮೊದಲ ನೋಂದಣಿಯ ದಿನದಿಂದ ಒಂದು ವರ್ಷ ಕಳೆದ ಮೇಲೆ ಹೊಗೆ ತಪಾಸಣಾ ಪತ್ರವನ್ನು ಪಡೆಯತಕ್ಕದ್ದು.