ಚಿಕ್ಕಹಗರಿ: ಕೋಗಳಿನಾಡಿನ ಒಂದು ಹಳ್ಳದ ಚರಿತ್ರೆ

ಕರ್ನಾಟಕದ ಚರಿತ್ರೆಯನ್ನು ಮಹಾನದಿಗಳ ದಡದಲ್ಲಿ ನಿಂತು ಓದುವುದು ವಿದ್ವತ್ ವಲಯದ ರೂಢಿ. ಬಳ್ಳಾರಿ ಸೀಮೆಯ ಮಟ್ಟಿಗೆ ಆ ನದಿ ತುಂಗಭದ್ರೆ. ಹಂಪಿ, ಕುರುವತ್ತಿ, ಮೈಲಾರಗಳೆಲ್ಲವೂ ಆ ಹೊಳೆಯ ಆಸುಪಾಸಿನಲ್ಲೇ ಇರುವುದರಿಂದ ಈ ರೂಢಿ ಸಹಜವೂ ಹೌದು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಹುಪಾಲು ಊರುಗಳು ಹೊಳೆಯ ನೀರನ್ನು ಕಂಡು ಬೆಳೆದವಲ್ಲ. ಮಳೆಗಾಲದ ಕೆಲವು ವಾರ ಹರಿದು, ಉಳಿದ ತಿಂಗಳುಗಳಲ್ಲಿ ಬರಿ ಮರಳಾಗಿ ಮಲಗುವ ಹಳ್ಳಗಳನ್ನು ನಂಬಿ ಬೆಳೆದವು. ಆ ಹಳ್ಳಗಳಲ್ಲಿ ಮುಖ್ಯವಾದದ್ದು ಚಿಕ್ಕಹಗರಿ. ಹಗರಿಬೊಮ್ಮನಹಳ್ಳಿ ಎಂಬ ಊರಿನ ಹೆಸರಿನ ಮೊದಲರ್ಧವೇ ಈ ಹಳ್ಳದ್ದು.

ಹೆಸರಿನಿಂದಲೇ ಆರಂಭಿಸುವುದು ಯುಕ್ತ. ‘ಚಿಕ್ಕ’ ಎಂಬ ವಿಶೇಷಣ ಹಿರಿಯ ಹಗರಿಯೊಂದನ್ನು ಸೂಚಿಸುತ್ತದೆ. ಅದು ವೇದಾವತಿ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟನ್ನು ದಾಟಿ, ಬಳ್ಳಾರಿಯ ಬಯಲಿನಲ್ಲಿ ಹಗರಿ ಎಂದು ಕರೆಸಿಕೊಂಡು ತುಂಗಭದ್ರೆಯನ್ನು ಸೇರುವ ನದಿ ಅದು. ಈ ನಡುವೆ ಇನ್ನೊಂದು ಹೆಸರು ಸಂಶೋಧಕರನ್ನು ದಾರಿ ತಪ್ಪಿಸುವಂತಿದೆ. ಜಗಳೂರು ಸೀಮೆಯಿಂದ ಪೂರ್ವಕ್ಕೆ ಮೊಳಕಾಲ್ಮೂರಿನ ಕಡೆ ಹರಿದು ವೇದಾವತಿಯನ್ನು ಕೂಡುವ ಜನಗಹಳ್ಳಕ್ಕೆ ‘ಚಿನ್ನಹಗರಿ’ ಎಂಬ ಹೆಸರೂ ಉಂಟು. ಕನ್ನಡದ ಓದುಗ ಇಲ್ಲಿ ಹೊನ್ನನ್ನು ಹುಡುಕಬೇಕಾಗಿಲ್ಲ. ತೆಲುಗಿನಲ್ಲಿ ‘ಚಿನ್ನ’ ಎಂದರೆ ಚಿಕ್ಕದು ಎಂದೇ ಅರ್ಥ. ಹೀಗೆ ಒಂದೇ ಅರ್ಥದ ಎರಡು ಹೆಸರುಗಳು ಎರಡು ಭಾಷೆಗಳಲ್ಲಿ ಎರಡು ಬೇರೆ ಹಳ್ಳಗಳಿಗೆ ನಿಂತಿವೆ. ಒಂದು ಪೂರ್ವಕ್ಕೆ ಹರಿದು ವೇದಾವತಿಗೆ ಸೇರುತ್ತದೆ, ಇನ್ನೊಂದು ಉತ್ತರಕ್ಕೆ ಹರಿದು ನೇರವಾಗಿ ತುಂಗಭದ್ರೆಗೆ ಸೇರುತ್ತದೆ. ಕೂಡ್ಲಿಗಿಯ ನೆಲವೇ ಇವೆರಡರ ನಡುವಿನ ನೀರ್ಗಡಿ. ಕರಡಿಧಾಮವಿರುವ ಗುಡೇಕೋಟೆಯ ಬಂಡೆಗುಡ್ಡಗಳ ಮೇಲೆ ಬಿದ್ದ ಮಳೆ ಪೂರ್ವದ ದಾರಿ ಹಿಡಿದರೆ, ಕೊಟ್ಟೂರಿನ ಕಡೆಯ ಮಳೆ ಚಿಕ್ಕಹಗರಿಯ ಪಾಲಾಗುತ್ತದೆ.

‘ಹಗರಿ’ ಎಂಬುದಕ್ಕೆ ಪಾಪವನ್ನು ಹರಿಸುವುದು, ಅಂದರೆ ‘ಅಘಹರಿ’, ಎಂಬ ನಿರುಕ್ತಿಯನ್ನು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಇದು ಕ್ಷೇತ್ರಮಹಿಮೆಯ ನಿರುಕ್ತಿಯೇ ಹೊರತು ಭಾಷಾಶಾಸ್ತ್ರದ್ದಲ್ಲ. ಕನ್ನಡದ ಪದಾದಿ ಹಕಾರವು ಸಾಮಾನ್ಯವಾಗಿ ಪಕಾರದಿಂದ ಬಂದದ್ದು. ಪಳ್ಳವು ಹಳ್ಳವಾದದ್ದೂ, ಪಾಲು ಹಾಲಾದದ್ದೂ ಹಾಗೆಯೇ. ಸ್ವರದಿಂದ ಮೊದಲಾಗುವ ಸಂಸ್ಕೃತ ಪದವೊಂದು ಈ ಹಕಾರವನ್ನು ತಳೆಯಲು ಕಾರಣವಿಲ್ಲ. ವರ್ಷದ ಬಹುಕಾಲ ಒಣಗಿರುವ ಹಳ್ಳಕ್ಕೂ ಜನ ಪಾವನತ್ವವನ್ನು ಆರೋಪಿಸಿದರೆಂಬುದನ್ನು ಮಾತ್ರ ಈ ನಿರುಕ್ತಿ ತಿಳಿಸುತ್ತದೆ. ನೀರು ದುರ್ಲಭವಾದಷ್ಟೂ ಅದರ ಮಹಿಮೆ ಹೆಚ್ಚೆಂಬುದು ಒಣನಾಡಿನ ಅನುಭವ.

ಈ ಸೀಮೆಯ ಭೂರಚನೆ ಸರಳ. ದಕ್ಷಿಣದ ಎತ್ತರದ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಷ್ಟಿದ್ದರೆ, ಉತ್ತರದ ತಗ್ಗಿನಲ್ಲಿರುವ ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1,633 ಅಡಿ, ಅಂದರೆ 498 ಮೀಟರಿನ ಆಸುಪಾಸು. ಈ ಇಳಿಜಾರಿನಲ್ಲಿ ಕೂಡ್ಲಿಗಿ, ಕೊಟ್ಟೂರುಗಳ ಕಡೆ ಕಣಶಿಲೆಯ ಮೇಲಿನ ಕೆಂಪು ಮಸಾರಿ ಮಣ್ಣು ಹೆಚ್ಚು, ಹಡಗಲಿಯ ಕಡೆ ಎರೆಭೂಮಿ ಹೆಚ್ಚು. ವಾರ್ಷಿಕ ಮಳೆ ಸ್ಥೂಲವಾಗಿ 500ರಿಂದ 650 ಮಿಲಿಮೀಟರು. ಅದೂ ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಕೆಲವೇ ಜೋರು ಮಳೆಗಳಾಗಿ ಬೀಳುತ್ತದೆ. ಅಂಥ ಮಳೆಗೆ ಹಳ್ಳ ಒಂದೇ ರಾತ್ರಿಯಲ್ಲಿ ದಡ ತುಂಬಿ, ಎರಡು ದಿನಗಳಲ್ಲಿ ಇಳಿದುಹೋಗುತ್ತದೆ. ಇಳಿದ ನೀರು ಇಲ್ಲವಾಗುವುದಿಲ್ಲ, ಮರಳಿನೊಳಗೆ ಇಂಗಿ ನಿಲ್ಲುತ್ತದೆ. ಬೇಸಗೆಯಲ್ಲಿ ಮರಳನ್ನು ತೋಡಿದರೆ ಒರತೆಯ ನೀರು. ಮನುಷ್ಯರು ತೋಡಿದ ಗುಂಡಿಯಲ್ಲಿ ದನಕುರಿಗಳೂ ಹಕ್ಕಿಗಳೂ ಕುಡಿದವು. ಹಳ್ಳದ ಅಂಚಿನ ಹೊಂಗೆ, ಲಕ್ಕಿ, ಈಚಲು, ಕರಿಜಾಲಿಗಳು ಬದುಕಿದ್ದೂ ಈ ಒಳನೀರಿನಿಂದಲೇ. ಮರಳೇ ಈ ಹಳ್ಳದ ಜಲಾಶಯವಾಗಿತ್ತು.

ಇಂಥ ನೆಲದಲ್ಲಿ ಕೋಗಳಿಯಂಥ ಕೇಂದ್ರ ಬೆಳೆದದ್ದು ಗಮನಾರ್ಹ. ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಾಗಿರುವ ಕೋಗಳಿ, ನೊಳಂಬವಾಡಿ 32,000ಕ್ಕೆ ಒಳಪಟ್ಟ ಕೋಗಳಿ ಐನೂರರ ಮುಖ್ಯ ಪಟ್ಟಣವಾಗಿತ್ತು. ಇಲ್ಲಿನ ಚೆನ್ನಪಾರ್ಶ್ವ ಬಸದಿಯನ್ನು ಗಂಗ ದುರ್ವಿನೀತನು ಮಾಡಿಸಿದನೆಂದು ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, ಕ್ರಿ.ಶ. 1055ರ ಶಾಸನ ಹೇಳುತ್ತದೆ. ದುರ್ವಿನೀತನ ಕಾಲಕ್ಕೂ ಈ ಶಾಸನಕ್ಕೂ ಐದು ಶತಮಾನಗಳ ಅಂತರವಿರುವುದರಿಂದ ಇದನ್ನು ಸಮಕಾಲೀನ ಸಾಕ್ಷ್ಯವೆನ್ನಲಾಗದು. ಆದರೂ ಕವಿರಾಜಮಾರ್ಗವು ಗದ್ಯಕಾರರ ಸಾಲಿನಲ್ಲಿ ಸ್ಮರಿಸುವ ಹೆಸರನ್ನು ಹೊತ್ತ ಅರಸನನ್ನು ಈ ಬಸದಿ ತನ್ನ ಕರ್ತೃವೆಂದು ನೆನಪಿಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನ ಕಾಲಕ್ಕೂ ಈ ಜಿನಾಲಯಕ್ಕೆ ದತ್ತಿ ಸಲ್ಲುತ್ತಿತ್ತು. ಸಮೀಪದ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಪಾಂಡ್ಯರ ಉಚ್ಚಂಗಿದುರ್ಗ, ಮುಂದಿನ ಕಾಲದ ಉಜ್ಜಿನಿ, ಕೊಟ್ಟೂರುಗಳನ್ನು ಇದರೊಡನೆ ಇಟ್ಟು ನೋಡಿದರೆ, ಹೊಳೆಯಿಂದ ದೂರವಿದ್ದ ಈ ಒಳನಾಡು ಬಡವಾಗಿರಲಿಲ್ಲವೆಂಬುದು ಸ್ಪಷ್ಟ.

ಆ ಸಮೃದ್ಧಿಗೆ ಆಧಾರ ಕೆರೆ. ಒಣನಾಡಿನ ಕೆರೆಗಳು ಒಂಟಿಯಾಗಿರುವುದಿಲ್ಲ. ಒಂದರ ಕೋಡಿಯ ನೀರು ಕೆಳಗಿನದಕ್ಕೆ, ಅದರ ಕೋಡಿ ಹಳ್ಳಕ್ಕೆ ಇಳಿಯುತ್ತದೆ. ಕನ್ನಡ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ವು ಕೆರೆಯ ದುರಸ್ತಿಗೆಂದೇ ಬಿಟ್ಟ ದತ್ತಿ. ಕೆರೆ ಕಟ್ಟಿಸಿದರೆ ಸಾಲದು, ಹೂಳೆತ್ತುವ ವೆಚ್ಚಕ್ಕೂ ಹೊಲದ ಫಲದಲ್ಲಿ ಪಾಲಿರಬೇಕೆಂಬ ವಿವೇಕ ಅದರಲ್ಲಿದೆ. ದಾನಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನಕಾರರು ಪಳ್ಳ, ಕೆರೆ, ಮರಡಿಗಳನ್ನು ಎಣಿಸಿದ್ದನ್ನು ಕೇವಲ ಗಡಿಗುರುತೆಂದು ಓದಿ ಮುಂದೆ ಸಾಗುವುದುಂಟು. ವಾಸ್ತವದಲ್ಲಿ ಅದು ಆ ಕಾಲದ ನೀರಿನ ನಕ್ಷೆ.

ಈ ವ್ಯವಸ್ಥೆ ಕುಸಿದಾಗ ಏನಾಗುತ್ತದೆಂಬುದನ್ನು 1876–78ರ ಬರ ತೋರಿಸಿತು. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಬಂದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯಿತು. ದೊಡ್ಡ ಹೊಳೆಯನ್ನು ಕಟ್ಟಬೇಕೆಂಬ ವಾದಕ್ಕೆ ಈ ನೆನಪು ಬಲ ತಂದಿತು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬತೊಡಗಿದಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು, ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಚಿಕ್ಕಹಗರಿಯ ಕೊನೆಯ ಹಾದಿಯನ್ನೂ ಹಿನ್ನೀರು ಆವರಿಸಿತು. ಹತ್ತಿರದ ಅಂಕಸಮುದ್ರದ ಕೆರೆಯಂಥ ಹಳೆಯ ನೆಲೆಗಳೊಡನೆ ಈ ಹಿನ್ನೀರು ಹಕ್ಕಿಗಳಿಗೆ ಹೊಸ ಆಸರೆಯಾಯಿತು. ಊರವರು ಕಟ್ಟಿಕೊಂಡ ನೀರಾವರಿ ಕೆರೆಯಾದ ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ರಾಮ್ಸಾರ್ ತಾಣವಾಯಿತು.

ಹಳ್ಳಕ್ಕೇ ಅಡ್ಡಲಾಗಿ ಮಾಲವಿಯಲ್ಲಿ 1970ರ ದಶಕದಲ್ಲಿ ಜಲಾಶಯ ಎದ್ದಿತು. ಎರಡು ಟಿಎಂಸಿ ಅಡಿ ಸಾಮರ್ಥ್ಯದ ಇದು ಸುಮಾರು 7,000 ಎಕರೆಗೆ ನೀರುಣಿಸಬೇಕಾಗಿತ್ತು. ಆದರೆ ಅದು ತುಂಬಿದ ವರ್ಷಗಳು ವಿರಳ. ಮೇಲ್ಭಾಗದಲ್ಲಿ ಕೊಳವೆಬಾವಿಗಳು ಅಂತರ್ಜಲವನ್ನು ಕೆಳಗಿಳಿಸಿದವು, ಅಡ್ಡಗಟ್ಟೆಗಳು ಹರಿವನ್ನು ತಡೆದವು. ಮರಳು ತೆಗೆದ ಹಳ್ಳ ನೀರನ್ನು ಹಿಡಿದಿಡುವ ಗುಣ ಕಳೆದುಕೊಳ್ಳುತ್ತದೆ. ದಡಗಳಲ್ಲಿ ಹಳೆಯ ಮರಗಳ ಜಾಗವನ್ನು ದಕ್ಷಿಣ ಅಮೆರಿಕದಿಂದ ಬಂದ ಮುಳ್ಳುಗಿಡ ಹಿಡಿಯಿತು. ಕಾಯಿ ತಿಂದ ದನಕುರಿಗಳೇ ಅದರ ಬೀಜವನ್ನು ಹರಡಿದವು. ಆ ಗಿಡಕ್ಕೆ ಕನ್ನಡಿಗರು ಕೊಟ್ಟ ಹೆಸರು ಬಳ್ಳಾರಿ ಜಾಲಿ. ಪರದೇಶದ ಗಿಡಕ್ಕೆ ಜಿಲ್ಲೆಯ ಹೆಸರೇ ಅಂಟಿಕೊಂಡದ್ದು ಅದು ಈ ನೆಲವನ್ನು ಎಷ್ಟು ವ್ಯಾಪಿಸಿತೆಂಬುದಕ್ಕೆ ಭಾಷೆಯೇ ಕೊಡುವ ಸಾಕ್ಷ್ಯ.

ಹಡಗಲಿ ತಾಲ್ಲೂಕಿನ ರಾಜವಾಳದ ಬಳಿಯ ಬ್ಯಾರೇಜಿನ ಹಿನ್ನೀರಿನಿಂದ ತುಂಗಭದ್ರೆಯ ನೀರನ್ನೆತ್ತಿ ಮಾಲವಿಯನ್ನು ತುಂಬಿಸುವ ಯೋಜನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಯುಗಯುಗಗಳಿಂದ ಹೊಳೆಗೆ ನೀರು ಕೊಟ್ಟ ಹಳ್ಳ ಈಗ ಹೊಳೆಯಿಂದ ನೀರು ಪಡೆಯುವಂತಾಗಿದೆ. ರೈತರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಕೊಳವೆಯ ನೀರು ಜಲಾಶಯವನ್ನು ತುಂಬಿಸಬಲ್ಲುದೇ ಹೊರತು ಮೇಲಿನ ಹಳ್ಳದ ಮರಳನ್ನಾಗಲಿ, ಒರತೆಯನ್ನಾಗಲಿ, ಈಚಲ ವನವನ್ನಾಗಲಿ ಮರಳಿ ತರಲಾರದು. ಅದಕ್ಕೆ ಕೆರೆಗಳ ಹೂಳು, ಕೋಡಿ, ಕಾಲುವೆಗಳ ಕಡೆಗೇ ತಿರುಗಬೇಕಾಗುತ್ತದೆ.

ಆಡಳಿತದ ಗಡಿಗಳು ಈ ಸೀಮೆಯಲ್ಲಿ ಪದೇ ಪದೇ ಬದಲಾಗಿವೆ. ಮದರಾಸಿನಿಂದ 1953ರಲ್ಲಿ ಮೈಸೂರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತ್ತು. ಐದು ತಾಲ್ಲೂಕುಗಳ ನೆಲದ ಇಳಿಜಾರು ಮಾತ್ರ ಬದಲಾಗಲಿಲ್ಲ. ಕೋಗಳಿನಾಡಿನ ಶಾಸನಗಳನ್ನು ಓದುವವರು ಪಕ್ಕದಲ್ಲಿ ಈ ಹಳ್ಳಕೊಳ್ಳಗಳ ನಕ್ಷೆಯನ್ನೂ ಹರಡಿಕೊಳ್ಳುವುದು ಒಳ್ಳೆಯದು. ಅರಸರ ವಂಶಾವಳಿ ಹೇಳದ ಎಷ್ಟೋ ಸಂಗತಿಗಳನ್ನು, ಯಾವ ಊರು ಏಕೆ ಅಲ್ಲಿಯೇ ನಿಂತಿತೆಂಬುದನ್ನೂ ಸೇರಿಸಿ, ಆ ನಕ್ಷೆ ಹೇಳಬಲ್ಲುದು.