ವನ್ಯಜೀವಿ ಸಂಖ್ಯೆಯ ಅಂದಾಜು

ವನ್ಯಜೀವಿ ಸಂಖ್ಯೆಯ ಅಂದಾಜು ಎಂದರೆ ಒಂದು ಪ್ರದೇಶದ ಎಲ್ಲ ಪ್ರಾಣಿಗಳೂ ಸಮೀಕ್ಷಕರ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಕಂಡವುಗಳ ಆಧಾರದಿಂದ ಕಾಣದವುಗಳನ್ನೂ ಲೆಕ್ಕಕ್ಕೆ ತರುವ ಸಂಖ್ಯಾಶಾಸ್ತ್ರೀಯ ಕ್ರಮ. ಪ್ರತಿಯೊಂದನ್ನೂ ಬಿಡದೆ ಎಣಿಸುವುದು ಗಣತಿ. ಎಣಿಕೆಯಿಂದ ತಪ್ಪಿಸಿಕೊಂಡವುಗಳ ಪ್ರಮಾಣವನ್ನೂ ಅಳೆದು ಹೇಳುವುದು ಅಂದಾಜು. ದಟ್ಟಾರಣ್ಯದಲ್ಲಿ ಗಣತಿ ಬಹುಮಟ್ಟಿಗೆ ಅಸಾಧ್ಯ. ಭಾರತದಲ್ಲಿ ಈ ವ್ಯತ್ಯಾಸವು ಹುಲಿಗಳ ಲೆಕ್ಕದ ಮೂಲಕ ಸಾರ್ವಜನಿಕರ ಗಮನಕ್ಕೆ ಬಂದಿತು.

ಪತ್ತೆ ಸಂಭವನೀಯತೆ

ಇರುವ ಪ್ರಾಣಿಗಳಲ್ಲಿ ಎಷ್ಟು ಭಾಗ ಸಮೀಕ್ಷೆಯಲ್ಲಿ ಕಾಣಸಿಗುತ್ತದೆ ಎಂಬುದನ್ನು ಪತ್ತೆ ಸಂಭವನೀಯತೆ ಎನ್ನುತ್ತಾರೆ. ಕಂಡ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಒಟ್ಟು ಸಂಖ್ಯೆಯ ಅಂದಾಜು ದೊರೆಯುತ್ತದೆ. ಉದಾಹರಣೆಗೆ, ಒಂದು ಕಾಡಿನಲ್ಲಿ ಎರಡು ವರ್ಷವೂ ತಲಾ 100 ಜಿಂಕೆಗಳು ಕಂಡವೆಂದು ಭಾವಿಸೋಣ. ಮೊದಲ ವರ್ಷ ಹುಲ್ಲು ಎತ್ತರವಾಗಿ ಬೆಳೆದಿದ್ದು ಅರ್ಧದಷ್ಟು ಮಾತ್ರ ಕಂಡಿದ್ದರೆ, ಇದ್ದ ಜಿಂಕೆಗಳು 200. ಮರುವರ್ಷ ಹುಲ್ಲು ಸುಟ್ಟುಹೋಗಿ 100ಕ್ಕೆ 80ರಂತೆ ಕಂಡಿದ್ದರೆ, ಇದ್ದವು 125 ಮಾತ್ರ. ಎಣಿಕೆ ಬದಲಾಗದಿದ್ದರೂ ಜಿಂಕೆಗಳ ಸಂಖ್ಯೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿದೆ. ಪತ್ತೆ ಸಂಭವನೀಯತೆಯನ್ನು ಅಳೆಯದ ಎಣಿಕೆಯು ಇಂತಹ ಕುಸಿತವನ್ನು ಮರೆಮಾಡಬಲ್ಲದು.

ಹೆಜ್ಜೆಗುರುತಿನ ಗಣತಿ ಮತ್ತು ಸರಿಸ್ಕಾ

ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ಅವರು 1960ರ ದಶಕದಲ್ಲಿ ರೂಪಿಸಿದ ಹೆಜ್ಜೆಗುರುತಿನ ಗಣತಿಯು ದಶಕಗಳ ಕಾಲ ಭಾರತದಲ್ಲಿ ಬಳಕೆಯಲ್ಲಿತ್ತು. 1972ರ ರಾಷ್ಟ್ರೀಯ ಗಣತಿಯಲ್ಲಿ 1,827 ಹುಲಿಗಳಿವೆಯೆಂದು ಲೆಕ್ಕ ಹಾಕಲಾಯಿತು. ಎಲ್ಲ ಹುಲಿಗಳ ಹೆಜ್ಜೆಗಳೂ ಸಿಗುತ್ತವೆ ಮತ್ತು ಪ್ರತಿ ಹುಲಿಯನ್ನೂ ಹೆಜ್ಜೆಯಿಂದಲೇ ಬೇರ್ಪಡಿಸಿ ಗುರುತಿಸಬಹುದು ಎಂಬ ಎರಡು ನಂಬಿಕೆಗಳ ಮೇಲೆ ಈ ಪದ್ಧತಿ ನಿಂತಿತ್ತು. ಆದರೆ ಮಣ್ಣಿನ ಗುಣ, ತೇವ, ಪ್ರಾಣಿಯ ನಡಿಗೆಯ ವೇಗಗಳಿಗೆ ತಕ್ಕಂತೆ ಒಂದೇ ಹುಲಿಯ ಹೆಜ್ಜೆಯೂ ಬೇರೆಬೇರೆಯಾಗಿ ಕಾಣುತ್ತದೆ. ತಪ್ಪಿಹೋದ ಹುಲಿಗಳೆಷ್ಟು ಎಂದು ತಿಳಿಯುವ ದಾರಿಯೂ ಇದರಲ್ಲಿರಲಿಲ್ಲ.

ರಾಜಸ್ಥಾನದ ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2004ರ ಅಧಿಕೃತ ಲೆಕ್ಕದ ಪ್ರಕಾರ 16ರಿಂದ 18 ಹುಲಿಗಳಿದ್ದವು. 2005ರ ವೇಳೆಗೆ ಅಲ್ಲಿ ಒಂದೂ ಉಳಿದಿಲ್ಲವೆಂಬುದು ಬೆಳಕಿಗೆ ಬಂದಿತು. ಕಳ್ಳಬೇಟೆಯಿಂದ ಪ್ರಾಣಿಗಳು ಕಣ್ಮರೆಯಾಗುತ್ತಿದ್ದರೂ ದಾಖಲೆಯಲ್ಲಿ ಅವು ಬದುಕಿದ್ದವು. ಅದೇ ವರ್ಷ ಕೇಂದ್ರ ಸರ್ಕಾರವು ಸುನೀತಾ ನಾರಾಯಣ್ ಅವರ ಅಧ್ಯಕ್ಷತೆಯಲ್ಲಿ ಹುಲಿ ಕಾರ್ಯಪಡೆಯನ್ನು ನೇಮಿಸಿತು. ಮುಂದೆ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟು ಹೊಸ ಪದ್ಧತಿಯನ್ನು ಅಳವಡಿಸಿಕೊಳ್ಳಲಾಯಿತು.

ಗುರುತು–ಮರುಹಿಡಿತ ವಿಧಾನ

ಮೊದಲ ಸುತ್ತಿನಲ್ಲಿ ಸಿಕ್ಕ ಪ್ರಾಣಿಗಳನ್ನು ಗುರುತಿಸಿಟ್ಟು, ಎರಡನೆಯ ಸುತ್ತಿನಲ್ಲಿ ಅವುಗಳಲ್ಲಿ ಎಷ್ಟು ಮತ್ತೆ ಸಿಗುತ್ತವೆ ಎಂದು ನೋಡುವುದು ಈ ವಿಧಾನದ ತಿರುಳು. ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ ಹಾಗೂ 1930ರಲ್ಲಿ ಅಮೆರಿಕದ ಬಾತುಗಳ ಸಂಖ್ಯೆಯನ್ನು ಅಂದಾಜಿಸಿದ ಫ್ರೆಡರಿಕ್ ಲಿಂಕನ್ ಅವರ ಹೆಸರುಗಳು ಇದರೊಂದಿಗೆ ಸೇರಿಕೊಂಡಿವೆ.

ಮೊದಲ ಸುತ್ತಿನಲ್ಲಿ 20 ಹುಲಿಗಳೂ ಎರಡನೆಯದರಲ್ಲಿ 18 ಹುಲಿಗಳೂ ಸಿಕ್ಕಿ, ಆ 18ರಲ್ಲಿ 12 ಹಳೆಯವೇ ಆಗಿದ್ದರೆ, ಮೊದಲ ಸುತ್ತಿನಲ್ಲಿ ಒಟ್ಟು ಹುಲಿಗಳ ಮೂರರಲ್ಲಿ ಎರಡು ಭಾಗ ಸಿಕ್ಕಿತ್ತೆಂದು ತರ್ಕಿಸಬಹುದು. ಹಾಗಾಗಿ 20 × 18 ÷ 12 = 30. ಕಂಡ ಬೇರೆಬೇರೆ ಹುಲಿಗಳು 26. ಉಳಿದ 4 ಒಮ್ಮೆಯೂ ಕಾಣದೆ ಲೆಕ್ಕಕ್ಕೆ ಬಂದವು.

ಸಮೀಕ್ಷೆಯ ಅವಧಿಯಲ್ಲಿ ಹುಟ್ಟು, ಸಾವು, ವಲಸೆಗಳು ನಗಣ್ಯವಾಗಿರಬೇಕು ಎಂಬುದು ಇಲ್ಲಿನ ಮುಖ್ಯ ನಿಬಂಧನೆ. ಒಂದೇ ಹುಲಿಯನ್ನು ಎರಡೆಂದು ತಪ್ಪಾಗಿ ಗುರುತಿಸಿದರೆ ಅಂದಾಜು ಹಿಗ್ಗುತ್ತದೆ. ಕೆಲವು ಪ್ರಾಣಿಗಳು ಸುಲಭವಾಗಿ ಪದೇಪದೇ ಸಿಕ್ಕಿ, ಉಳಿದವು ಅಡಗಿಯೇ ಇದ್ದರೆ ಅಂದಾಜು ಕುಗ್ಗುತ್ತದೆ.

ನಾಗರಹೊಳೆಯ ಅಧ್ಯಯನ

ಕರ್ನಾಟಕದ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಗೆ ಈ ವಿಧಾನವನ್ನು ಅನ್ವಯಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಗಳೂ ವಿಶಿಷ್ಟವಾಗಿರುವುದರಿಂದ ಪ್ರಾಣಿಯನ್ನು ಹಿಡಿದು ಗುರುತು ಹಾಕುವ ಅಗತ್ಯವಿಲ್ಲ. ಎಡ ಮತ್ತು ಬಲ ಪಕ್ಕೆಯ ಪಟ್ಟೆಗಳು ಒಂದೇ ರೀತಿ ಇರುವುದಿಲ್ಲವಾದ್ದರಿಂದ ಹಾದಿಯ ಇಕ್ಕೆಲಗಳಲ್ಲೂ ಕ್ಯಾಮೆರಾ ಇಡಲಾಗುತ್ತದೆ. 1998ರಲ್ಲಿ ಕಾರಂತ ಮತ್ತು ಅಮೆರಿಕದ ಜೇಮ್ಸ್ ನಿಕೋಲ್ಸ್ ಅವರು ನಾಗರಹೊಳೆ, ಕಾನ್ಹಾ, ಕಾಜಿರಂಗ ಮತ್ತು ಪೆಂಚ್ ಅರಣ್ಯಗಳ ಹುಲಿ ಸಾಂದ್ರತೆಯನ್ನು ಇದೇ ಕ್ರಮದಿಂದ ಅಂದಾಜಿಸಿದರು.

ಇತರ ವಿಧಾನಗಳು

ಗುರುತಿಸಿ ಬೇರ್ಪಡಿಸಲಾಗದ ಜಿಂಕೆ, ಕಡವೆ, ಕಾಟಿಗಳಿಗೆ ದೂರಮಾಪನ ವಿಧಾನ ಸೂಕ್ತ. ಟ್ರಾನ್ಸೆಕ್ಟ್ ಎಂಬ ನೇರ ಸೀಳುದಾರಿಯಲ್ಲಿ ನಡೆಯುತ್ತ, ಕಂಡ ಪ್ರಾಣಿಯು ಆ ದಾರಿಯಿಂದ ಎಷ್ಟು ದೂರದಲ್ಲಿದೆ ಎಂದು ದಾಖಲಿಸಲಾಗುತ್ತದೆ. ದೂರ ಹೆಚ್ಚಿದಂತೆ ಕಾಣುವ ಪ್ರಾಣಿಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದರಿಂದ ತಪ್ಪಿಹೋದವುಗಳ ಪ್ರಮಾಣ ತಿಳಿಯುತ್ತದೆ. ದಾರಿಯ ಮೇಲೆಯೇ ಇರುವ ಪ್ರಾಣಿಯು ತಪ್ಪದೆ ಕಾಣಬೇಕು. ಅದು ಬೆದರಿ ಓಡುವ ಮೊದಲೇ ದೂರವನ್ನು ಅಳೆಯಬೇಕು.

ವಿಶಾಲ ಪ್ರದೇಶದಲ್ಲಿ ಪ್ರಾಣಿಯ ನೆಲೆ ಎಲ್ಲೆಲ್ಲಿದೆ ಎಂದಷ್ಟೇ ತಿಳಿಯಲು ಒಂದೇ ಜಾಗವನ್ನು ಹಲವು ಬಾರಿ ಶೋಧಿಸುವ ಕ್ರಮವಿದೆ. ಕುರುಹು ಸಿಗಲಿಲ್ಲವೆಂದ ಮಾತ್ರಕ್ಕೆ ಪ್ರಾಣಿಯೇ ಇಲ್ಲವೆಂದು ಇದರಲ್ಲಿ ತೀರ್ಮಾನಿಸುವುದಿಲ್ಲ.

ಅಂಕಿಗಳನ್ನು ಓದುವ ಬಗೆ

ಹೊಸ ಪದ್ಧತಿಯ 2006ರ ಅಂದಾಜಿನಲ್ಲಿ ದೇಶದ ಹುಲಿಗಳ ಸಂಖ್ಯೆ 1,411. ಹಳೆಯ ಪದ್ಧತಿಯ 2002ರ ಸಂಖ್ಯೆ 3,642. ಈ ಎರಡರ ಅಂತರವನ್ನು ನಾಲ್ಕು ವರ್ಷಗಳಲ್ಲಿ ಸತ್ತ ಹುಲಿಗಳ ಸಂಖ್ಯೆಯೆಂದು ತಿಳಿಯಬಾರದು, ಅಳತೆಗೋಲೇ ಬದಲಾಗಿತ್ತು. 2018ರಲ್ಲಿ ಕ್ಯಾಮೆರಾಗಳಲ್ಲಿ ಸೆರೆಯಾದ ಬೇರೆಬೇರೆ ಹುಲಿಗಳು 2,461. ಒಟ್ಟು ಅಂದಾಜು 2,967. ಅದರ ವ್ಯಾಪ್ತಿ 2,603ರಿಂದ 3,346. 2022ರ ಅಂದಾಜು 3,682; ವ್ಯಾಪ್ತಿ 3,167ರಿಂದ 3,925. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ನಡುವಿನ ಸಂಖ್ಯೆಯೊಂದೇ ಅಚ್ಚಾಗುತ್ತದೆ. ಎರಡು ಸಮೀಕ್ಷೆಗಳ ವ್ಯಾಪ್ತಿಗಳು ಒಂದರೊಳಗೊಂದು ಸೇರಿಕೊಂಡಿರುವಾಗ ಏರಿಕೆಯನ್ನು ಖಚಿತವೆನ್ನುವಲ್ಲಿ ಎಚ್ಚರ ಅಗತ್ಯ.

ರಾಷ್ಟ್ರೀಯ ಅಂದಾಜಿನ ಕ್ರಮವೂ ಟೀಕೆಗೆ ಹೊರತಾಗಿಲ್ಲ. ಆಯ್ದ ಸ್ಥಳಗಳ ಕ್ಯಾಮೆರಾ ಅಂದಾಜನ್ನು ಹೆಜ್ಜೆ ಮೊದಲಾದ ಕುರುಹುಗಳೊಂದಿಗೆ ಹೋಲಿಸಿ, ಆ ಸಂಬಂಧವನ್ನು ಇತರ ಕಾಡುಗಳಿಗೂ ವಿಸ್ತರಿಸುವ ಕ್ರಮದ ವಿಶ್ವಾಸಾರ್ಹತೆಯನ್ನು 2015ರಲ್ಲಿ ಕಾರಂತ ಅವರೂ ಸೇರಿದಂತೆ ಕೆಲವು ವಿಜ್ಞಾನಿಗಳು ಪ್ರಶ್ನಿಸಿದರು.