ಬೆಳ್ಗೊಳದ ಕ್ರಿ.ಶ. 1368ರ ಶಾಸನ: ಪರಸಮಯದ ಮಾತನ್ನು ಕೇಳಿದ ಬಗೆ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯು ಜೈನ ಶಾಸನಗಳ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಚಿಕ್ಕನಾಯಕನಹಳ್ಳಿಯ ಉತ್ತರಕ್ಕೆ, ಹುಳಿಯಾರು ಹೊಸದುರ್ಗಗಳ ಕಡೆಯ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ತಿಪಟೂರಿಗೆ ಪಶ್ಚಿಮದ ಅರಸೀಕೆರೆಯಲ್ಲಿ ರೇಚರಸನು ಕ್ರಿ.ಶ. 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಅದೇ ಕಾಲದ ಈಶ್ವರ ದೇವಾಲಯವೂ ಅದೇ ಊರಿನಲ್ಲಿದೆ. ಪೂರ್ವಕ್ಕೆ, ತುಮಕೂರಿನ ಬಳಿಯ ಕೈದಾಳದಲ್ಲಿ, ಒಂದನೆಯ ನರಸಿಂಹನ ಸಾಮಂತನಾದ ಬಾಚಿಯು ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಆಲಯಗಳನ್ನೆತ್ತಿಸಿದನು. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ ಎಂಬ ನಾಲ್ಕು ಸಮಯಗಳಿಗೂ ಅವನು ಆಶ್ರಯದಾತನೆಂದು ಶಾಸನವು ಹೊಗಳುತ್ತದೆ.

ಇಂತಹ ನಿದರ್ಶನಗಳನ್ನು ಮುಂದಿಟ್ಟು ಸಮಯಸಮನ್ವಯವನ್ನು ಸ್ತುತಿಸುವುದು ವಾಡಿಕೆಯಾಗಿದೆ. ಆದರೆ ಇವು ಸಿದ್ಧಪಡಿಸುವುದು ದಾನಿಯ ಔದಾರ್ಯವನ್ನು ಮಾತ್ರ. ಒಂದೇ ಊರಿನಲ್ಲಿ ಎರಡು ಗುಡಿಗಳಿದ್ದ ಮಾತ್ರಕ್ಕೆ ಒಂದರ ಭಕ್ತರು ಇನ್ನೊಂದರವರ ಮಾತಿಗೆ ಕಿವಿಗೊಟ್ಟರೆಂದು ಹೇಳಲಾಗದು. ಪರಸಮಯದವರ ಮಾತನ್ನು ಕೇಳುವ ಮನಸ್ಸಿದ್ದಿತೇ ಎಂಬುದು ತಿಳಿಯುವುದು ವಿವಾದ ಬಂದಾಗ. ಅಂತಹ ವಿವಾದದ ಅತ್ಯಂತ ವಿವರವಾದ ದಾಖಲೆಯು ಈ ಸೀಮೆಗೆ ನೈರುತ್ಯದಲ್ಲಿ, ಹೆಚ್ಚು ದೂರವಲ್ಲದ ಶ್ರವಣಬೆಳ್ಗೊಳದ ಭಂಡಾರ ಬಸದಿಯಲ್ಲಿದೆ. ಹೊಯ್ಸಳರ ಭಂಡಾರಿ ಹುಳ್ಳನು ಕ್ರಿ.ಶ. 1159ರಲ್ಲಿ ಕಟ್ಟಿಸಿದ ಈ ಚತುರ್ವಿಂಶತಿ ತೀರ್ಥಂಕರ ಬಸದಿಯ ಆವರಣದಲ್ಲಿ ವಿಜಯನಗರದ ವೀರ ಬುಕ್ಕರಾಯನ ಕಾಲದ, ಶಕ 1290 ಕೀಲಕ ಸಂವತ್ಸರದ, ಎಂದರೆ ಕ್ರಿ.ಶ. 1368ರ ಶಾಸನವು ನಿಂತಿದೆ. ರೈಸ್ ಅವರು 1889ರಲ್ಲಿಯೂ ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿಯೂ ಬೆಳ್ಗೊಳದ ಶಾಸನಗಳ ಸಂಪುಟಗಳಲ್ಲಿ ಇದನ್ನು ಪ್ರಕಟಿಸಿದ್ದಾರೆ. ಆದಕಾರಣ ಪಾಠವು ಸುಲಭವಾಗಿ ದೊರೆಯುತ್ತದೆ. ಸಂಗತಿಯೂ ಪಂಡಿತರಿಗೆ ತಿಳಿದದ್ದೇ. ಆದರೂ ಅದರ ಕೆಲವು ಪದಗಳ ಮೇಲೆ ಇನ್ನೂ ನಿಂತು ನೋಡಬೇಕಾಗಿದೆ.

ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ಉಂಟಾದ ಕಲಹವನ್ನು ಶಾಸನಕಾರನು 'ಸಂವಾಜ' ಎಂಬ ಪದದಿಂದ ಹೇಳುತ್ತಾನೆ. ಇದು ಸಂವಾದ ಶಬ್ದದ ತದ್ಭವ. ಇಂದು ಸಂವಾದವೆಂದರೆ ಸೌಮ್ಯವಾದ ಮಾತುಕತೆ. ಅಂದಿನ ವ್ಯವಹಾರದ ಭಾಷೆಯಲ್ಲಿ ಅದು ಜಗಳವೇ ಆಗಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳನ್ನು ಒಳಗೊಂಡ ಸಮಸ್ತ ನಾಡುಗಳ ಭವ್ಯಜನರು ಭಕ್ತರು ಮಾಡುವ ಅನ್ಯಾಯಗಳನ್ನು ರಾಯನಿಗೆ ಬಿನ್ನಹ ಮಾಡಿಕೊಂಡರು. 'ಅನ್ಯಾಯ' ಎಂಬ ಈ ಪದವೂ ಗಮನಾರ್ಹ. ದೂರಿತ್ತವರ ಮಾತನ್ನು ಮೃದುಗೊಳಿಸದೆ, ಪ್ರತಿಪಕ್ಷದವರ ಕಣ್ಣೆದುರಿನಲ್ಲಿಯೇ ಅದನ್ನು ಕಲ್ಲಿಗೆ ಏರಿಸಲಾಗಿದೆ.

ಅಲ್ಲಿ ನೆರೆದಿದ್ದವರ ಪಟ್ಟಿಯು ಉದ್ದವಾದುದು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಮೊದಲ್ಗೊಂಡು ತಿರುಕುಲ, ಜಾಂಬವಕುಲಗಳವರೆಗೆ ಹದಿನೆಂಟು ನಾಡಿನ ವೈಷ್ಣವರೆಲ್ಲರೂ ಹೆಸರಿಸಲ್ಪಟ್ಟಿದ್ದಾರೆ. ಆಚಾರ್ಯಪುರುಷರೊಡನೆ ಮಾತ್ರ ಒಪ್ಪಂದ ಮಾಡಿಕೊಂಡಿದ್ದರೆ ಅದು ಮಠದ ಬಾಗಿಲಲ್ಲೇ ನಿಲ್ಲುತ್ತಿತ್ತು. ಅನ್ಯಾಯವು ನಡೆದದ್ದು ಬೀದಿಯಲ್ಲಿ, ಉತ್ಸವದ ವಾದ್ಯಗಳ ಮತ್ತು ಕಲಶದ ವಿಷಯದಲ್ಲಿ. ಆದ್ದರಿಂದ ಬೀದಿಯವರೂ ಅಲ್ಲಿ ನಿಲ್ಲಬೇಕಾಯಿತು. ರಾಯನು ಜೈನರ ಕೈಯನ್ನು ಹಿಡಿದು ಈ ಸಭೆಯವರ ಕೈಯಲ್ಲಿ ಕೊಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯಗಳೂ ಕಲಶವೂ ಜೈನ ದರ್ಶನಕ್ಕೆ ಪೂರ್ವಮರ್ಯಾದೆಯಂತೆ ಸಲ್ಲುವುವೆಂದೂ, ಜೈನ ದರ್ಶನಕ್ಕೆ ಭಕ್ತರ ದೆಸೆಯಿಂದ ಹಾನಿಯಾಗಲಿ ವೃದ್ಧಿಯಾಗಲಿ ಬಂದರೆ ಅದನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಭಾವಿಸಬೇಕೆಂದೂ ನಿರ್ಣಯವಾಯಿತು. ಈ ಶಾಸನವನ್ನು ರಾಜ್ಯದ ಎಲ್ಲ ಬಸ್ತಿಗಳಲ್ಲಿ ನೆಡುವ ಭಾರವೂ ಶ್ರೀವೈಷ್ಣವರದೇ ಆಯಿತು. ಆರೋಪಕ್ಕೊಳಗಾದವರ ಕೈಯಲ್ಲಿಯೇ ರಕ್ಷಣೆಯ ಹೊಣೆಯನ್ನಿಟ್ಟ ಈ ಬಗೆಯಲ್ಲಿ ತೀರ್ಪಿನ ಜಾಣ್ಮೆಯಿದೆ. ದಂಡ ವಿಧಿಸಿದ್ದರೆ ದ್ವೇಷವು ಉಳಿಯುತ್ತಿತ್ತು.

ಆದರೆ ಶಾಸನದ ಆರಂಭವನ್ನು ಓದಿದವರಿಗೆ ಒಂದು ಸಂಶಯವು ಬಾರದಿರದು. ಮೊದಲಿಗೇ ಇರುವುದು ರಾಮಾನುಜಾಚಾರ್ಯರ ಸ್ತುತಿಶ್ಲೋಕ. ಪಾಷಂಡರೆಂಬ ಕಡಲಿಗೆ ಅವರು ಬಡಬಾಗ್ನಿಯೆಂಬುದು ಅದರ ಭಾವ. ಪಾಷಂಡ ಶಬ್ದವು ವೈದಿಕರ ಬಾಯಲ್ಲಿ ಯಾರನ್ನು ಸೂಚಿಸುತ್ತಿತ್ತೆಂಬುದನ್ನು ಜೈನ ಪಂಡಿತರಿಗೆ ಹೇಳಬೇಕಾದುದಿಲ್ಲ. ಜೈನರನ್ನು ರಕ್ಷಿಸುವ ಶಾಸನವು, ಜೈನ ಬಸದಿಯ ಆವರಣದಲ್ಲಿ, ಇಂತಹ ಶ್ಲೋಕದಿಂದ ತೊಡಗುತ್ತದೆ! ಇದನ್ನು ಕೆಲವರು ಜೈನರ ದೈನ್ಯವೆಂದು ಎಣಿಸಬಹುದು. ಹಾಗೆಣಿಸಲು ಕಾರಣವಿಲ್ಲದೆಯೂ ಇಲ್ಲ. ಅಂದು ಜೈನರ ಬಲವು ಕುಗ್ಗಿತ್ತು. ಆದರೆ ಇನ್ನೊಂದು ಬಗೆಯಲ್ಲಿಯೂ ನೋಡಬಹುದು. ವೈಷ್ಣವರಿಗೆ ತಮ್ಮ ಗುರುಸ್ತುತಿಯನ್ನು ಬಿಡಿರೆಂದು ಯಾರೂ ಹೇಳಲಿಲ್ಲ. ಜೈನರಿಗೆ ತಮ್ಮ ಕಲಶವನ್ನು ಇಳಿಸಿರೆಂದೂ ಹೇಳಲಿಲ್ಲ. ಪ್ರತಿಜ್ಞೆಯು ಗಟ್ಟಿಯಾಗಬೇಕಾದರೆ ಅದನ್ನು ಮಾಡುವವನು ತನಗೆ ಪೂಜ್ಯವಾದ ಹೆಸರಿನಲ್ಲಿಯೇ ಮಾಡಬೇಕು. ರಾಮಾನುಜರ ಹೆಸರಿಲ್ಲದೆ ಮಾಡಿದ ಮಾತು ಶ್ರೀವೈಷ್ಣವರನ್ನು ಅಷ್ಟು ಕಟ್ಟಿಹಾಕುತ್ತಿರಲಿಲ್ಲ.

ಪರರ ಕಟುವಾಕ್ಯವನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳುವ ಈ ಅಭ್ಯಾಸವು ಜೈನ ವಿದ್ಯಾಪರಂಪರೆಗೆ ಹೊಸದೂ ಅಲ್ಲ. ಪೂರ್ವಪಕ್ಷವನ್ನು ಪ್ರತಿವಾದಿಯೇ ಒಪ್ಪುವಂತೆ ಹೇಳಿದ ಮೇಲೆ ಉತ್ತರಪಕ್ಷಕ್ಕೆ ಬರುವುದು ನಮ್ಮ ತಾರ್ಕಿಕರ ಕ್ರಮ. ಹರಿಭದ್ರಸೂರಿಗಳು ಷಡ್ದರ್ಶನಸಮುಚ್ಚಯವನ್ನು ರಚಿಸಿದುದಲ್ಲದೆ ಬೌದ್ಧರ ನ್ಯಾಯಪ್ರವೇಶಕ್ಕೆ ವೃತ್ತಿಯನ್ನೂ ಬರೆದರು. ಶಾಂತರಕ್ಷಿತನ ತತ್ತ್ವಸಂಗ್ರಹವು ಕಮಲಶೀಲನ ಪಂಜಿಕೆಯೊಡನೆ ಸಂಸ್ಕೃತದಲ್ಲಿ ಉಳಿದು ಬಂದುದು ಪಾಟಣ, ಜೈಸಲ್ಮೇರುಗಳ ಜೈನ ಭಂಡಾರಗಳಿಂದ. ಸಕಲ ದರ್ಶನಗಳನ್ನೂ, ಜೈನ ದರ್ಶನವನ್ನೂ ಬಿಡದೆ, ಅಲ್ಲಗಳೆಯುವ ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹದ ತಾಡವೋಲೆ ದೊರೆತದ್ದೂ ಪಾಟಣದ ಭಂಡಾರದಲ್ಲಿಯೇ. ಪಂಡಿತ ಸುಖಲಾಲಜಿ ಮತ್ತು ರಸಿಕಲಾಲ ಪರೀಖರ ಸಂಪಾದನೆಯಲ್ಲಿ ಅದು 1940ರಲ್ಲಿ ಬೆಳಕು ಕಂಡಿತು. ಅದನ್ನು ಶತಮಾನಗಳ ಕಾಲ ಅರಿವೆಯಲ್ಲಿ ಸುತ್ತಿ ಹುಳು ಹಿಡಿಯದಂತೆ ಕಾಪಾಡಿದವರು ಅದರಿಂದ ಖಂಡಿತರಾದವರೇ. (ಓಲೆಗಳನ್ನು ಒದಗಿಸಿಕೊಳ್ಳುವುದೂ ಸುಲಭದ ಕೆಲಸವಾಗಿರಲಿಲ್ಲ. ತೆಂಗಿನ ಸೀಮೆಯಲ್ಲಿ ಗರಿಗೆ ಬರವಿಲ್ಲ, ಆದರೆ ತೆಂಗಿನ ಗರಿ ಗ್ರಂಥಕ್ಕೆ ಒದಗದು. ಶ್ರೀತಾಳೆಯನ್ನು ಹೊರಗಿನಿಂದಲೇ ತರಿಸಬೇಕಾಗಿತ್ತು.)

ಬುಕ್ಕರಾಯನ ಶಾಸನದಲ್ಲಿ ಚರ್ಚೆಗೆ ಆಸ್ಪದವಾದ ಇನ್ನೊಂದು ಭಾಗ ಹಣದ್ದು. ರಾಜ್ಯದ ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನು ತಿರುಮಲೆಯ ತಾತಯ್ಯನು ಎತ್ತಬೇಕು. ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳನ್ನು ಉದ್ಧರಿಸಿ ಸುಣ್ಣ ಬಳಿಯಿಸಬೇಕು. ತಮ್ಮ ರಕ್ಷಣೆಗೆ ತಾವೇ ತೆರುವುದು, ಅದನ್ನೂ ಎದುರು ಪಕ್ಷದವನು ಎತ್ತುವುದು ಎಂಥ ನ್ಯಾಯವೆಂದು ಕೇಳಬಹುದು. ಭವ್ಯರ ಅನುಮತದಿಂದ ಎಂದು ಶಾಸನವು ಸ್ಪಷ್ಟವಾಗಿ ಹೇಳುವುದನ್ನು ಇಲ್ಲಿ ಮರೆಯಬಾರದು. ಆ ಅನುಮತವು ಎಷ್ಟು ಸ್ವತಂತ್ರವಾಗಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ.

ಎರಡೂ ಪಕ್ಷಗಳು ಸಮನಾಗಿ ಕೇಳಿಸಿಕೊಳ್ಳದಿದ್ದಾಗ ತೀರ್ಪು ಹೇಗಿರುವುದೆಂಬುದನ್ನು ಹಳೇಬೀಡಿನ ಕ್ರಿ.ಶ. 1638ರ ಶಾಸನವು ತೋರಿಸುತ್ತದೆ. ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಬೇಲೂರಿನ ಅರಸರ ಆಳ್ವಿಕೆಯಲ್ಲಿ ಮಹಾಮಹತ್ತಿನವರೂ ಜೈನ ಪ್ರಮುಖರೂ ಕೂಡಿ ರಾಜಿ ಮಾಡಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಪೂರ್ವದಂತೆ ನಡೆಸಿಕೊಳ್ಳಬೇಕೆಂದಾಯಿತು. ಈ ಷರತ್ತು ಬೆಳ್ಗೊಳದ್ದಕ್ಕಿಂತ ಕಠಿನವಾದುದು. ಇದನ್ನು ಸಾಮರಸ್ಯವೆಂದು ಕೊಂಡಾಡುವುದು ಉಚಿತವಲ್ಲ. ಹಾಗಿದ್ದರೂ ಜಿನಧರ್ಮಕ್ಕೆ ಅಡ್ಡಿಮಾಡಿದವನು ಶಿವನಿಗೆ, ಜಂಗಮಕ್ಕೆ, ವಿಭೂತಿ ರುದ್ರಾಕ್ಷಿಗೆ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿಯೆಂದು ವೀರಶೈವರೇ ಬರೆಯಿಸಿಕೊಟ್ಟರು. ಇಲ್ಲಿಯೂ ಶಪಥವು ಶಪಥಮಾಡಿದವರ ದೇವರ ಮೇಲೆಯೇ.

ಬೆಳ್ಗೊಳದ ಶಾಸನದ ಕೊನೆಯ ಸಾಲುಗಳು ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಗೆ ಸಂಬಂಧಿಸಿದವು. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯಗಳನ್ನು ಬಿಜಯಂಗೈಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ಒಪ್ಪಂದದ ಶಾಸನವಿದೆ. ದೂರನ್ನು ಕೊಂಡೊಯ್ದ ಜೈನ ಸೆಟ್ಟಿಗೆ ಜೈನರೂ ವೈಷ್ಣವರೂ ಒಟ್ಟುಗೂಡಿ 'ಸಂಘನಾಯಕ' ಪಟ್ಟವನ್ನು ಕಟ್ಟಿದರು.